ಹೌದು, ಕೊಡಲೇಬೇಕು. ನಾನು ಅಲ್ಲಿ ನಿಂತು ನೋಡಿದ್ದೇನೆ

"ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ ಹಾಕೋರಿಗೆ, ರ‍್ಯಾಕ್ ತುಂಬೋರಿಗೆ ಸಂಸಾರ ನಡೆಯುವಷ್ಟು ಸಂಬಳ ಯಾಕೆ ಕೊಡಬೇಕು? ಯಾರು ಬೇಕಾದ್ರೂ ಮಾಡೋ ಕೆಲಸ ಅಲ್ವಾ?" ಅಂತ ಕೇಳಿದ್ದೀರಿ.

ಕಲಬುರಗಿಯ ಒಂದು ಮಾರ್ಟ್‌ನಲ್ಲಿ ಮೂರು ವರ್ಷ ಬಿಲ್ ಕೌಂಟರ್‌ನಲ್ಲಿ ನಿಂತವಳು ನಾನು. (ನಮ್ಮೂರಲ್ಲಿ ಸೂಪರ್ ಮಾರ್ಕೆಟ್ ಅಂದ್ರೆ ಹಳೇ ಪೇಟೆಯ ಹೆಸರು. ಅದಕ್ಕೇ ಇವನ್ನು ಮಾರ್ಟ್ ಅಂತೀವಿ.) ನಿಂತವಳು ಅಂತ ಸುಮ್ನೆ ಹೇಳ್ತಿಲ್ಲ. ಕೂರೋಕೆ ಸ್ಟೂಲ್ ಇರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ರಾತ್ರಿ ಒಂಬತ್ತು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲಿಗೆ ಸರ್ಕಾರಿ ಕಚೇರಿಗಳೇ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ನಾವು ಮಾತ್ರ ನಿಂತೇ ಇರುತ್ತಿದ್ದೆವು. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಊದಿದ ಪಾದದ ಮೇಲೆ ಪಟ್ಟಿಯ ಅಚ್ಚು ಹಾಗೇ ಉಳಿದಿರುತ್ತಿತ್ತು.

ಒಂದು ರಾತ್ರಿ ಗಲ್ಲಾದ ಲೆಕ್ಕದಲ್ಲಿ 500 ರೂಪಾಯಿ ಕಡಿಮೆ ಬಂತು. ಮೂರು ಸಲ ಎಣಿಸಿದೆ. ಹೊಸ ನೋಟು ಒಂದಕ್ಕೊಂದು ಅಂಟಿ ಯಾರ ಕೈಗೋ ಹೋಗಿರಬೇಕು. ಒಂದು ಮಾತೂ ಕೇಳದೆ ಸಂಬಳದಲ್ಲಿ ಮುರಿದುಕೊಂಡರು. ಹಾಗೆ ಮುರಿಯುವ ಮುಂಚೆ ನಮ್ಮ ಮಾತು ಕೇಳಬೇಕು, ದಿನಕ್ಕೆ 9 ಗಂಟೆ ಮೀರಿ ದುಡಿಸಿದರೆ ದುಪ್ಪಟ್ಟು ಕೊಡಬೇಕು ಅಂತ ಕಾನೂನಿದೆ. ನನಗೆ ಗೊತ್ತಾಗಿದ್ದು ಕೆಲಸ ಬಿಟ್ಟ ಮೇಲೆ.

ಸಂಸಾರ ನಡೆಯುವಷ್ಟು ಅಂದ್ರೆ ಎಷ್ಟು? ಈ ಲೆಕ್ಕ ಹೊಸದೇನಲ್ಲ. ಒಬ್ಬರ ದುಡಿಮೆಯಲ್ಲಿ ಮನೆಮಂದಿಗೆ ಮೂರು ಪಾಲು (ಮೂವರು ದೊಡ್ಡವರಿಗೆ ಆಗುವಷ್ಟು) ಊಟ, ಜೊತೆಗೆ ಬಟ್ಟೆ, ಬಾಡಿಗೆ, ಉರುವಲು ಎಲ್ಲ ಬರಬೇಕು ಅಂತ ಸರ್ಕಾರ, ಮಾಲೀಕರು, ಕಾರ್ಮಿಕರು ಒಟ್ಟಿಗೆ ಕೂತ 1957ರ ಭಾರತೀಯ ಕಾರ್ಮಿಕ ಸಮ್ಮೇಳನವೇ ಹೇಳಿತ್ತು. ಮಕ್ಕಳ ಓದು, ಔಷಧಿ, ಮುಪ್ಪಿನ ಖರ್ಚನ್ನೂ ಸೇರಿಸಿ ಅಂತ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟೆಲ್ಲ ಸೇರಿದರೂ ಅದು ಬರೀ ಕನಿಷ್ಠ ಕೂಲಿ. ಸಂವಿಧಾನದ 43ನೇ ವಿಧಿ ಕೇಳುವುದು ಅದಕ್ಕಿಂತ ಜಾಸ್ತಿ, ಮರ್ಯಾದೆಯಿಂದ ಬದುಕುವಷ್ಟು.

ಕನಿಷ್ಠ ಕೂಲಿಯಲ್ಲೂ ಬೆಂಗಳೂರಿಗೆ ಒಂದು ದರ, ನಮ್ಮಂಥ ಊರಿಗೆ ಅದಕ್ಕಿಂತ ಕಡಿಮೆ. ಇಲ್ಲಿ ಮನೆ ಬಾಡಿಗೆ ಕಡಿಮೆ, ಒಪ್ತೀನಿ. ಆದರೆ ದಿನವಿಡೀ ಪ್ಯಾಕೆಟ್ ಸ್ಕ್ಯಾನ್ ಮಾಡಿದವಳು ನಾನು. ಸೋಪು, ಟೀ ಪುಡಿ, ಬಿಸ್ಕೆಟ್ ಮೇಲೆ ಕಲಬುರಗಿಗೆ ಅಂತ ಬೇರೆ ಎಂಆರ್‌ಪಿ ಇರುವುದಿಲ್ಲ.

ದಿನಸಿಯಲ್ಲಿ ಲಾಭ ಕಡಿಮೆ ಅಂತಾರೆ ಮಾಲೀಕರು. ಇರಬಹುದು. ಆದರೆ ಲಾಭ ಇಲ್ಲ ಅಂತ ಕರೆಂಟ್ ಬಿಲ್ ಅರ್ಧ ಕಟ್ಟೋಕಾಗಲ್ಲ. ಆಳಿನ ಸಂಬಳದಲ್ಲಿ ಮಾತ್ರ ಹಾಗೆ ಮಾಡಬಹುದಾ?

ನಮ್ಮದು ತೊಗರಿ ಕಣಜ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್ (ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು) ಕೂಡ ಬಂತು. ದಿನಾ ಐದೈದು ಕೆಜಿ ಬೇಳೆಯ ಚೀಲಕ್ಕೆ ಬಿಲ್ ಹಾಕುತ್ತಿದ್ದೆ. ತಿಂಗಳ ಕೊನೆಯ ವಾರ ನಾನು ಮನೆಗೆ ಒಯ್ಯುತ್ತಿದ್ದದ್ದು ಕಾಲು ಕೆಜಿ, ಅದೂ ಓಣಿಯ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿ.