ಆವಿಗೆಗೆ ಉದ್ಘಾಟನೆಯ ದಿನಾಂಕ ಗೊತ್ತಿರುವುದಿಲ್ಲ

ಓದುಗರ ಪತ್ರ: ಮಣ್ಣಿನ ಬೊಂಬೆ ಮಾಡುವ ಕಲಾವಿದೆಯೊಬ್ಬಳ ಮೇಲೆ ಸಣ್ಣ ಬಜೆಟ್ಟಿನ ಸಿನಿಮಾ ಬರೆಯುತ್ತಿದ್ದೇನೆ. ಪ್ರದರ್ಶನಕ್ಕೆ ಎಂಟು ದಿನ ಬಾಕಿ, ಅಷ್ಟೇ ಕಥೆ. ನಗುವೂ ಇರಬೇಕು, ಸಂಕಟವೂ ಇರಬೇಕು. ಚಿತ್ರಕಥೆ ಓದಿದವರು ‘ಇದರಲ್ಲಿ ಏನೂ ನಡೆಯುವುದೇ ಇಲ್ಲವಲ್ಲ’ ಎಂದರು. ಅದಕ್ಕೆ, ಆವಿಗೆಯ (ಮಣ್ಣಿನ ಬೊಂಬೆ ಸುಡುವ ಗೂಡಿನ) ಬಾಗಿಲು ತೆರೆದ ಕೂಡಲೇ ಬೊಂಬೆ ಸಿಡಿಯುವಂತೆಯೂ, ಆಕೆ ಸಿಟ್ಟಿನಲ್ಲಿ ಉಳಿದವನ್ನೆಲ್ಲ ನೆಲಕ್ಕೆ ಅಪ್ಪಳಿಸುವಂತೆಯೂ ಬರೆದೆ. ಸರಿಯೇ? ಚಿತ್ರೀಕರಣಕ್ಕೆ ಎಷ್ಟು ಬೊಂಬೆ ಬೇಕು? ನಟಿಯೇ ಕೆಲಸ ಕಲಿಯಬೇಕೆ, ಬೇರೆಯವರ ಕೈ ತೋರಿಸಿದರೆ ಸಾಕೆ?

ಸಂಪಾದಕರ ಉತ್ತರ: ಸಿಡಿತವನ್ನು ಉಳಿಸಿಕೊಳ್ಳಿ, ಆದರೆ ಅದು ಬೇರೆ ಹೊತ್ತಿನಲ್ಲಿ ಆಗಬೇಕು. ಅಪ್ಪಳಿಸುವುದನ್ನು ಮಾತ್ರ ಬಿಟ್ಟುಬಿಡಿ.

ಮಣ್ಣು ಸಿಡಿಯುವುದು ಬಾಗಿಲು ತೆಗೆದಾಗ ಅಲ್ಲ, ಸುಡಲು ಶುರುಮಾಡಿದ ಮೊದಲ ಕೆಲವು ಗಂಟೆಗಳಲ್ಲಿ. ಹೊರಗೆ ಒಣಗಿದಂತೆ ಕಂಡರೂ ದಪ್ಪಗಿರುವ ಕಡೆ ಒಳಗೆ ಪಸೆ ಉಳಿದಿರುತ್ತದೆ. ಶಾಖ 100 ಡಿಗ್ರಿ ದಾಟಿದಾಗ ಆ ನೀರು ಹಬೆಯಾಗಿ ಸುಮಾರು 1,700 ಪಟ್ಟು ಹಿಗ್ಗಲು ನೋಡುತ್ತದೆ. ಹೊರಬರಲು ದಾರಿ ಸಿಗದಿದ್ದರೆ ಬೊಂಬೆ ಒಡೆಯುತ್ತದೆ. ಗಾಳಿಗುಳ್ಳೆಯಿಂದ ಒಡೆಯಿತು ಎಂಬ ಮಾತು ಕಲಾಶಾಲೆಗಳಲ್ಲಿ ತಲೆಮಾರಿನಿಂದ ಓಡಾಡುತ್ತಿದೆ. ಪೂರಾ ಒಣಗಿದ ಮಣ್ಣಿನಲ್ಲಿ ಗಾಳಿ ಇದ್ದರೂ ಏನೂ ಆಗುವುದಿಲ್ಲ, ತಪ್ಪು ಪಸೆಯದ್ದೇ. ನಿಮ್ಮ ನಾಯಕಿಗೆ ಅವಸರ ಇರುವುದರಿಂದ ಈ ತಪ್ಪು ಆಕೆಗೆ ಸಹಜವಾಗಿಯೇ ಒದಗುತ್ತದೆ.

ನಗು ಇರುವುದು ಇಲ್ಲೇ. ಮುಚ್ಚಿದ ಆವಿಗೆಯೊಳಗಿಂದ ‘ಧಬ್’ ಎಂಬ ಸಣ್ಣ ಸದ್ದು. ಆಕೆ ತಲೆ ಎತ್ತುತ್ತಾಳೆ. ಒಡೆದದ್ದು ತನ್ನದೋ ಪಕ್ಕದವರದೋ ಗೊತ್ತಿಲ್ಲ. ಗೊತ್ತಾಗಲು ಇಡೀ ಒಂದು ದಿನ ಬೇಕು, ಏಕೆಂದರೆ ಸುಡುವುದಕ್ಕೆ ಹತ್ತು ಹನ್ನೆರಡು ಗಂಟೆ ಹಿಡಿದರೆ ಆರುವುದಕ್ಕೆ ಅದಕ್ಕಿಂತ ಹೆಚ್ಚು. ಆ ಒಂದು ದಿನ ಆಕೆ ನೌಕರಿಗೆ ಹೋಗಬೇಕು, ಅಮ್ಮನ ಫೋನ್ ಎತ್ತಬೇಕು, ಆಮಂತ್ರಣದಲ್ಲಿ ತಪ್ಪಾಗಿ ಅಚ್ಚಾದ ತನ್ನ ಹೆಸರು ತಿದ್ದಿಸಬೇಕು. ಕೊನೆಗೆ ಬಾಗಿಲು ತೆರೆದಾಗ ಆಕೆಯ ಬೊಂಬೆಯ ಕಿವಿ, ಆವಿಗೆ ಹಂಚಿಕೊಂಡವರ ಬಟ್ಟಲೊಳಗೆ ಅಚ್ಚುಕಟ್ಟಾಗಿ ಕೂತಿರುತ್ತದೆ. ಇನ್ನೂ ಗ್ಲೇಜ್ (ಸುಟ್ಟಾಗ ಕರಗಿ ಗಾಜಿನಂತಾಗುವ ಲೇಪ) ಹಚ್ಚದ ಮೊದಲ ಸುಡಿಕೆಯಾದ್ದರಿಂದ ಅದು ಅಂಟಿರುವುದಿಲ್ಲ, ಎರಡು ಬೆರಳಲ್ಲಿ ಎತ್ತಿ ಜೇಬಿಗೆ ಹಾಕಿಕೊಳ್ಳಬಹುದು. ಏನೂ ನಡೆಯುವುದಿಲ್ಲ ಎಂದವರಿಗೆ ಇದನ್ನು ಓದಿಸಿ.

2022ರಲ್ಲಿ ಬಂದ, ಅಮೆರಿಕದ ನಿರ್ದೇಶಕಿ ಕೆಲ್ಲಿ ರೈಕಾರ್ಡ್ ಅವರ ‘ಶೋಯಿಂಗ್ ಅಪ್’ ಚಿತ್ರ ಕೂಡ ಪ್ರದರ್ಶನಕ್ಕೆ ತಯಾರಾಗುವ ಶಿಲ್ಪಿಯ ಕಥೆಯೇ. ಬಿಸಿನೀರು ಬಾರದ ಮನೆ, ಗಾಯಗೊಂಡ ಪಾರಿವಾಳ, ಆವಿಗೆಯಲ್ಲಿ ಒಂದು ಮಗ್ಗುಲು ಸುಟ್ಟ ಬೊಂಬೆ ಇವೇ ಅದರ ಘಟನೆಗಳು. ನೀವು ಅದೇ ಘಟನೆಗಳನ್ನು ಬಳಸಬೇಡಿ. ಇಷ್ಟು ಸಣ್ಣ ಸಂಗತಿಗಳ ಮೇಲೆ ಚಿತ್ರ ನಿಲ್ಲುತ್ತದೆ ಎಂಬ ಧೈರ್ಯ ತೆಗೆದುಕೊಳ್ಳಿ, ಸಾಕು.

ಈಗ ನಿಮ್ಮ ಎಂಟು ದಿನದ ಲೆಕ್ಕ. 30 ಸೆಂ.ಮೀ. ಎತ್ತರದ, ಒಳಗೆ ಟೊಳ್ಳು ಮಾಡಿ ಗೋಡೆ 1 ಸೆಂ.ಮೀ. ಉಳಿಸಿದ ಬೊಂಬೆ ಒಣಗುವುದಕ್ಕೇ ವಾರದಿಂದ ಹತ್ತು ದಿನ ಬೇಕು. ಹಾಗಾಗಿ ಹಸಿ ಮಣ್ಣಿನಿಂದ ಕಥೆ ಶುರುಮಾಡಿದರೆ ಪ್ರದರ್ಶನ ತಪ್ಪಿಹೋಗುತ್ತದೆ. ಒಣಗಿದ, ಅಥವಾ ಒಣಗಿದೆ ಎಂದು ಆಕೆ ನಂಬಿದ ಬೊಂಬೆಗಳಿಂದ ಶುರುಮಾಡಿ. ಮೊದಲ ದಿನ ಸಂಜೆ ಆವಿಗೆಯೊಳಗೆ ಜೋಡಿಸುವುದು, ಎರಡನೇ ದಿನ ಸುಮಾರು 1,000 ಡಿಗ್ರಿವರೆಗೆ ಸುಡುವುದು, ಮೂರನೇ ದಿನ ಆರುವುದು. ನಾಲ್ಕನೇ ದಿನ ತೆರೆದು ಗ್ಲೇಜ್ ಹಚ್ಚಿ, ಐದನೇ ದಿನ ಮತ್ತೆ ಸುಡುವುದು. ಹೆಚ್ಚು ಶಾಖದಲ್ಲಿ ಸುಟ್ಟು ಕಲ್ಲಿನಂತೆ ಗಟ್ಟಿಯಾಗಿಸುವ ಸ್ಟೋನ್‌ವೇರ್ ಮಣ್ಣಾದರೆ ಈ ಸಲ 1,220 ಡಿಗ್ರಿ ಆಸುಪಾಸು. ಆರನೇ ದಿನವಿಡೀ ಆರಬೇಕು, ಏಳಕ್ಕೆ ಕೈಗೆ ಬರುತ್ತದೆ. ಎಲ್ಲ ಸೇರಿ ಒಂದೇ ಒಂದು ದಿನ ಬಿಡುವು. ಅದನ್ನೂ ಕಿತ್ತುಕೊಳ್ಳುವುದು ಚಿತ್ರಕಥೆಗಾರರಾದ ನಿಮ್ಮ ಕೆಲಸ. ಒಂದು ಸುಲಭದ ದಾರಿ: ಆವಿಗೆ ಅರ್ಧ ಖಾಲಿಯಿದ್ದರೆ ಅದನ್ನು ನೋಡಿಕೊಳ್ಳುವವರು ಉರಿ ಹಚ್ಚಲು ಒಪ್ಪುವುದಿಲ್ಲ.

ಆರನೇ ದಿನ ಆಕೆ ತಡೆಯಲಾರದೆ 200 ಡಿಗ್ರಿಯಲ್ಲೇ ಬಾಗಿಲು ಸಂದು ಮಾಡಲಿ. ತಣ್ಣನೆ ಗಾಳಿ ತಾಗಿದರೆ ಗ್ಲೇಜ್ ಕೂದಲೆಳೆಯಷ್ಟು ಸಣ್ಣಗೆ ಬಿರಿಯುತ್ತ ‘ಟಿಣ್... ಟಿಣ್’ ಎನ್ನುತ್ತದೆ. ನಿಜವಾದ ಸದ್ದನ್ನೇ ದಾಖಲಿಸಿಕೊಳ್ಳಿ, ಅದರ ಕೆಳಗೆ ಸಂಗೀತ ಹಾಕಬೇಡಿ.

ಬಣ್ಣದ ವಿಷಯದಲ್ಲೂ ಹುಷಾರಾಗಿರಿ. ಹಚ್ಚುವಾಗ ಗ್ಲೇಜ್ ಕಲಕಿದ ಸುಣ್ಣದ ನೀರಿನಂತೆ ಮಂಕಾಗಿರುತ್ತದೆ. ಕೋಬಾಲ್ಟ್ ಕಾರ್ಬೊನೇಟ್ ಹಾಕಿದ್ದು ತೆಳು ನೇರಳೆಯಾಗಿ ಕಂಡು, ಸುಟ್ಟ ಮೇಲೆ ಕಡುನೀಲಿಯಾಗುತ್ತದೆ. ಕುಂಚದಲ್ಲಿ ಹೊಳೆಯುವ ನೀಲಿ ತೋರಿಸಿದರೆ ಗೊತ್ತಿರುವವರು ನಕ್ಕುಬಿಡುತ್ತಾರೆ, ನಿಮಗೆ ಬೇಕಾದ ನಗು ಅದಲ್ಲ.

ಎಷ್ಟು ಬೊಂಬೆ? ಮುಖ್ಯ ಬೊಂಬೆಗೆ ಕಡಿಮೆಯೆಂದರೆ ಏಳು: ಹಸಿಯವು ಎರಡು, ಉಗುರು ಒತ್ತಿದರೆ ಗುರುತು ಬೀಳುವ ಅರ್ಧ ಒಣಗಿನದು ಒಂದು, ಪೂರಾ ಒಣಗಿದ್ದು ಒಂದು, ಒಮ್ಮೆ ಸುಟ್ಟದ್ದು ಒಂದು, ಗ್ಲೇಜ್ ಆದವು ಎರಡು. ಮೊದಲನೆಯದರಿಂದ ಪ್ಲಾಸ್ಟರ್ ಅಚ್ಚು ತೆಗೆದರೆ ಉಳಿದವು ಸಲೀಸು. ಎಲ್ಲವೂ ಒಂದೇ ಅಳತೆ ಇರುವಂತೆ ಮಾಡಲು ಹೋಗಬೇಡಿ. ಸ್ಟೋನ್‌ವೇರ್ ಮಣ್ಣು ಹಸಿಯಿಂದ ಕೊನೆಯವರೆಗೆ ನೂರಕ್ಕೆ ಹನ್ನೆರಡರಷ್ಟು ಕುಗ್ಗುವುದುಂಟು, 30 ಸೆಂ.ಮೀ. ಇದ್ದದ್ದು 26ರ ಮೇಲೆ ಚೂರು ಉಳಿಯುತ್ತದೆ. ಹಸಿ ಬೊಂಬೆಯ ಅಳತೆಗೆ ಬಡಗಿ ಮಾಡಿಕೊಟ್ಟ ಪೀಠ ಕೊನೆಯಲ್ಲಿ ದೊಡ್ಡದಾಗಿ ಕಾಣಲಿ, ಯಾರೂ ಅದರ ಬಗ್ಗೆ ಮಾತಾಡುವುದು ಬೇಡ.

ಕೈಯ ಪ್ರಶ್ನೆ. ನಗೆಯ ದೃಶ್ಯದಲ್ಲಿ ಕೈ ಮತ್ತು ಮುಖ ಒಂದೇ ಚೌಕಟ್ಟಿನಲ್ಲಿರಬೇಕು, ಹಾಗಾಗಿ ನಟಿಯೇ ಕಲಿಯುವುದು ಮೇಲು. ಶಿಲ್ಪಿಯಾಗುವಷ್ಟು ಕಲಿಯಬೇಕಿಲ್ಲ. ಮಣ್ಣು ನಾದುವುದು, ಎರಡು ತುಂಡಿನ ಅಂಚು ಗೀರಿ ಮಣ್ಣಿನ ಗಂಜಿ ಬಳಿದು ಅಂಟಿಸುವುದು, ತಂತಿಯ ಉಳಿಯಿಂದ ಒಳಗೆ ಕೆರೆಯುವುದು, ಸ್ಪಂಜಿನಲ್ಲಿ ಒರೆಸುವುದು, ಒಣಗಿದ ಬೊಂಬೆಯನ್ನು ತೋಳು ಹಿಡಿಯದೆ ತಳಕ್ಕೆ ಅಂಗೈ ಕೊಟ್ಟು ಎತ್ತುವುದು. ಈ ಐದನ್ನು ನಾಲ್ಕು ವಾರ, ದಿನಾ ಎರಡು ಗಂಟೆ ಮಾಡಿದರೆ ಸಾಕು. ಉಗುರು ಕತ್ತರಿಸಿರಲಿ, ಉಂಗುರ ಇರದಿರಲಿ. ಕೈಮೇಲಿನ ಮಣ್ಣು ದೀಪದ ಬಿಸಿಗೆ ಹತ್ತೇ ನಿಮಿಷದಲ್ಲಿ ಬಿಳುಪಾಗುತ್ತದೆ, ಮುಂದಿನ ಟೇಕ್‌ಗೆ ಮತ್ತೆ ಒದ್ದೆ ಮಾಡಿಸಿ. ಬೊಂಬೆಗಳು ನಿಜವಾದ ಶಿಲ್ಪಿಯವಾದರೆ ಮಾಲೀಕತ್ವ, ಒಡೆದರೆ ಪರಿಹಾರ, ಪೋಸ್ಟರಿನಲ್ಲಿ ಬಳಕೆ ಮೂರನ್ನೂ ಮೊದಲೇ ಬರಹದಲ್ಲಿ ಮಾಡಿಕೊಳ್ಳಿ.

ಇನ್ನು ಆ ಅಪ್ಪಳಿಸುವ ದೃಶ್ಯ. ದುಡಿದು ತಿನ್ನುವ ಕಲಾವಿದರು ಮಣ್ಣು ಹಾಳುಮಾಡುವುದಿಲ್ಲ. ಸುಡದೆ ಒಣಗಿದ ಬೊಂಬೆ ಸರಿಬರದಿದ್ದರೆ ಬಕೆಟ್ಟಿನ ನೀರಿಗೆ ಇಳಿಸುತ್ತಾರೆ, ಅದು ಕರಗಿ ಮತ್ತೆ ಮಣ್ಣಾಗುತ್ತದೆ. ಪೂರಾ ಒಣಗಿದ್ದೇ ಆಗಬೇಕು, ಅರ್ಧ ಹಸಿಯಿದ್ದರೆ ಸುಲಭಕ್ಕೆ ಕರಗದು. ನೀರು ಮುಟ್ಟುತ್ತಲೇ ಗುಳ್ಳೆ ಏಳುತ್ತದೆ. ತೆಳುವಾದ ಕಿವಿ, ಮೂಗು ಮೊದಲು ಕಳಚುತ್ತವೆ, ತಲೆ ನಿಧಾನಕ್ಕೆ ಕುಸಿಯುತ್ತದೆ. ಆಕೆ ಪಕ್ಕದಲ್ಲಿ ಕೂತು ಬನ್ನು ತಿನ್ನುತ್ತಿರಲಿ. ನೀರು ಕದಡುವ ಮೊದಲೇ ಮೇಲಿನಿಂದ ಚಿತ್ರಿಸಿಕೊಳ್ಳಿ. ಎರಡನೇ ಟೇಕ್‌ಗೆ ಇನ್ನೊಂದು ತಲೆ, ಇನ್ನೊಂದು ಬಕೆಟ್ ತಿಳಿನೀರು ಬೇಕು. ಹಾಗಾಗಿ ಮೇಲೆ ಹೇಳಿದ ಏಳಕ್ಕೆ ಇನ್ನೆರಡು ಒಣಬೊಂಬೆ ಸೇರಿಸಿಕೊಳ್ಳಿ.