ತೀತನಿಗೆ ಬೇಡವಾದ ಸುನ್ನತಿ ತಿಮೊಥೆಯನಿಗೇಕೆ?

ಸಹೋದರರೇ, ತನ್ನ ಜೊತೆಕೆಲಸಗಾರನಾದ ತೀತನಿಗೆ ಯೆಹೂದ್ಯ ಧರ್ಮಶಾಸ್ತ್ರ ವಿಧಿಸುವ ಸುನ್ನತಿಯನ್ನು ಮಾಡಿಸಲು ಒಪ್ಪದ ಅಪೊಸ್ತಲ ಪೌಲನು ಇನ್ನೊಬ್ಬ ಜೊತೆಕೆಲಸಗಾರನಾದ ತಿಮೊಥೆಯನಿಗೆ ಸುನ್ನತಿ ಮಾಡಿಸಿದ್ದು ಇಬ್ಬಗೆಯ ನೀತಿಯಲ್ಲವೇ ಎಂದು ಕೇಳಿದ್ದೀರಿ. ನನಗೆ ಹಾಗೆ ತೋರುವುದಿಲ್ಲ. ತೀತನು ಗ್ರೀಕನು, ಅಂದರೆ ಯೆಹೂದ್ಯನಲ್ಲ; ಸುನ್ನತಿಯಿಲ್ಲದೆ ರಕ್ಷಣೆಯೇ ಇಲ್ಲವೆಂದು ಯೂದಾಯದಿಂದ ಬಂದ ಕೆಲವರು ಅಂತಿಯೋಕ್ಯ ಪಟ್ಟಣದಲ್ಲಿ ಬೋಧಿಸುತ್ತಿದ್ದ ಕಾಲದಲ್ಲಿ ಆತನ ವಿಷಯದಲ್ಲಿ ಮಣಿದಿದ್ದರೆ, ಕ್ರಿಸ್ತನ ಕೃಪೆಯೊಂದೇ ಸಾಲದೆಂದು ಪೌಲನೇ ಒಪ್ಪಿಕೊಂಡಂತಾಗುತ್ತಿತ್ತು. ತಿಮೊಥೆಯನ ತಾಯಿಯಾದರೋ ಯೆಹೂದ್ಯಳು. ತಂದೆ ಗ್ರೀಕನೆಂಬುದು, ಹಾಗಾಗಿ ಮಗನಿಗೆ ಸುನ್ನತಿಯಾಗಿರಲಿಕ್ಕಿಲ್ಲವೆಂಬುದು ಲುಸ್ತ್ರ ಪಟ್ಟಣದ ಸುತ್ತಲಿನ ಯೆಹೂದ್ಯರಿಗೆಲ್ಲ ಗೊತ್ತಿದ್ದುದರಿಂದ, ಯೆಹೂದ್ಯರ ಸಭಾಮಂದಿರಗಳಲ್ಲಿ ಬೋಧಿಸುತ್ತಾ ಸಾಗುವ ಪೌಲನು ಅವರ ನಿಮಿತ್ತವಾಗಿ ಹಾಗೆ ಮಾಡಿದನೇ ಹೊರತು ರಕ್ಷಣೆಯ ಷರತ್ತಾಗಿ ಅಲ್ಲ. ಅದೇ ಪ್ರಯಾಣದಲ್ಲಿ ಆತನು ಊರೂರಿಗೆ ತಲುಪಿಸುತ್ತಿದ್ದುದು, ಅನ್ಯಜನರ (ಯೆಹೂದ್ಯರಲ್ಲದವರ) ಮೇಲೆ ಸುನ್ನತಿಯನ್ನು ಹೇರದೆ ಯೆರೂಸಲೇಮಿನ ಅಪೊಸ್ತಲರೂ ಹಿರಿಯರೂ ಮಾಡಿದ ನಿರ್ಣಯವನ್ನೇ (ಅಪೊಸ್ತಲರ ಕೃತ್ಯಗಳು 16:3-4). ಅಂದಹಾಗೆ, ಪೌಲನ ಪತ್ರವಾದ ಗಲಾತ್ಯ 5:11ನ್ನು ಓದಿದರೆ, ಪೌಲನು ಇನ್ನೂ ಸುನ್ನತಿಯನ್ನು ಸಾರುತ್ತಾನೆಂಬ ಆಪಾದನೆ ಅಂದೇ ಹಬ್ಬಿದ್ದಂತಿದೆ.