8 ಜಿಬಿ ರ‍್ಯಾಮಲ್ಲಿ ಅರ್ಧ ಜಿಬಿ ಎಲ್ಲಿ ಹೋಯ್ತು?

ಪ್ರಶ್ನೆ: ಹೊಸ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಕೊಂಡೆ. ಡಬ್ಬಿ ಮೇಲೆ 8 ಜಿಬಿ ರ‍್ಯಾಮ್ ಅಂತ ಇದೆ, ಆದರೆ ಫ್ರೀ ಕಮಾಂಡ್ ಕೊಟ್ಟರೆ ಒಟ್ಟು 7.5 ಅಂತ ಬರುತ್ತದೆ. ಅಂಗಡಿಯವರು ಮೋಸ ಮಾಡಿದರಾ? ಅಲ್ಲದೆ, ಆನ್ ಮಾಡಿದ ತಕ್ಷಣ ಎಷ್ಟು ಮೆಮೊರಿ ಇದೆ ಅಂತ ಕರ್ನೆಲ್‌ಗೆ ಹೇಗೆ ಗೊತ್ತಾಗುತ್ತದೆ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಮೋಸ ಆಗಿಲ್ಲ, ಚಿಂತೆ ಬೇಡ. ಮೊದಲ ಪ್ರಶ್ನೆಗೆ ಉತ್ತರ ಎರಡನೆಯದರಲ್ಲೇ ಇದೆ.

ಕರ್ನೆಲ್ (ಉಬುಂಟುವಿನ ತಿರುಳಾದ ಲಿನಕ್ಸ್) ತಾನೇ ರ‍್ಯಾಮ್ ಅಳೆಯಲು ಹೋಗುವುದಿಲ್ಲ. ಇಲ್ಲಿಂದ ಇಲ್ಲಿವರೆಗೆ ಬಳಸಬಹುದು, ಇದನ್ನು ಮುಟ್ಟಬೇಡ ಅಂತ ಫರ್ಮ್‌ವೇರ್ (ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಓಡುವ, ಯಂತ್ರದಲ್ಲೇ ಇರುವ ಪ್ರೋಗ್ರಾಮ್) ಒಂದು ಪಟ್ಟಿ ಕೊಡುತ್ತದೆ. ಪಹಣಿಯಲ್ಲಿ ಒಟ್ಟು ಜಮೀನು ಬರೆದು ಅದರಲ್ಲಿ ಖರಾಬು ಕಳೆಯುತ್ತಾರಲ್ವಾ, ಹಾಗೆ. ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಲ್ಲಿ ಅದರ ಪಾಲೂ ಮೊದಲೇ ಕಳೆದಿರುತ್ತದೆ. ಸಾಮಾನ್ಯವಾಗಿ ಜಾಸ್ತಿ ಹೋಗುವುದು ಇಲ್ಲೇ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಲಿನಕ್ಸ್ ನಿಮ್ಮ ಮೆಮೊರಿಯನ್ನು 4 ಕೆಬಿಯ ಪೇಜ್‌ಗಳಾಗಿ ನೋಡುತ್ತದೆ, ಪ್ರತಿ ಪೇಜಿಗೂ ಸಾಮಾನ್ಯವಾಗಿ 64 ಬೈಟಿನ ಒಂದು ದಾಖಲೆ ಇಡುತ್ತದೆ. 8 ಜಿಬಿ ಅಂದರೆ ಸುಮಾರು 21 ಲಕ್ಷ ಪೇಜ್, ಹಾಗಾಗಿ ಬರೀ ಲೆಕ್ಕದ ಪುಸ್ತಕಕ್ಕೇ 128 ಎಂಬಿ ಬೇಕು. ಆದರೆ ಪುಸ್ತಕವೇ ಇನ್ನೂ ಬರೆದಿಲ್ಲ, ಅದನ್ನು ಇಡುವ ಜಾಗ ಖಾಲಿ ಇದೆ ಅಂತ ಯಾರು ಹೇಳಬೇಕು?

ಅದಕ್ಕೇ ಶುರುವಿನಲ್ಲಿ ಮೆಮ್‌ಬ್ಲಾಕ್ ಅಂತ ಒಂದು ಕಚ್ಚಾ ಲೆಕ್ಕ. ಎರಡೇ ಪಟ್ಟಿ: ಇರುವ ಮೆಮೊರಿ ಯಾವುದು, ಅದರಲ್ಲಿ ಹಿಡಿದಿಟ್ಟದ್ದು ಯಾವುದು. ಪಟ್ಟಿಗೆ ಬೇಕಾದ ಜಾಗ ಕರ್ನೆಲ್ ಫೈಲಿನ ಒಳಗೇ ಇರುತ್ತದೆ, ಹಾಗಾಗಿ ಯಾರನ್ನೂ ಕೇಳಬೇಕಿಲ್ಲ. ಕರ್ನೆಲ್ ಕೂತಿರುವ ಜಾಗವನ್ನು ಎರಡನೇ ಪಟ್ಟಿಗೆ ಸೇರಿಸುತ್ತಾರೆ, ಉಳಿದದ್ದರಲ್ಲಿ ಪೇಜ್ ಟೇಬಲ್‌ಗೆ (ಪ್ರೋಗ್ರಾಮ್ ಬಳಸುವ ವಿಳಾಸ ಮೆಮೊರಿಯಲ್ಲಿ ನಿಜಕ್ಕೂ ಎಲ್ಲಿದೆ ಅಂತ ಹೇಳುವ ಪಟ್ಟಿ), ಆ 128 ಎಂಬಿ ಪುಸ್ತಕಕ್ಕೆ ಜಾಗ ತೆಗೆಯುತ್ತಾರೆ. ಪುಸ್ತಕ ಸಿದ್ಧವಾದ ಮೇಲೆ ಖಾಲಿ ಇರುವುದನ್ನೆಲ್ಲ ಬಡ್ಡಿ ಅಲೊಕೇಟರ್ (buddy, ಅಂದರೆ ಜೊತೆಗಾರ; ಮೆಮೊರಿ ಹಂಚುವ ಕರ್ನೆಲ್ ಭಾಗ) ಕೈಗೆ ಕೊಡುತ್ತಾರೆ. ಅದು ದೊಡ್ಡ ತುಂಡನ್ನು ಬೇಕಾದಷ್ಟು ಸಲ ಅರ್ಧ ಮಾಡಿ ಕೊಡುತ್ತದೆ, ಎರಡು ಅರ್ಧವೂ ವಾಪಸ್ ಬಂದರೆ ಮತ್ತೆ ಜೋಡಿಸುತ್ತದೆ. ಬೂಟ್ ಮುಗಿಯುವಾಗ ಶುರುವಿಗೆ ಮಾತ್ರ ಬೇಕಿದ್ದ ಕೋಡನ್ನೂ ಅಳಿಸಿ ಆ ಜಾಗ ಬಿಟ್ಟುಕೊಡುತ್ತಾರೆ!

ಸುಮ್ನೆ ನನ್ನ ಮಾತು ನಂಬಬೇಡಿ. ಟರ್ಮಿನಲ್ ತೆಗೆದು ಸುಡೊ (ಅಡ್ಮಿನ್ ಅನುಮತಿ) ಜೊತೆ ಡಿಮೆಸ್ಗ್ ಕಮಾಂಡ್ ಕೊಡಿ (sudo dmesg), ಕರ್ನೆಲ್ ಬರೆದಿಟ್ಟ ಸಂದೇಶಗಳು ಕಾಣುತ್ತವೆ. ಮೇಲಿನ ಸಾಲುಗಳಲ್ಲಿ ‘ಬಯೋಸ್-ಇ820’ (BIOS-e820) ಅಂತ ಬರುವುದೇ ಫರ್ಮ್‌ವೇರ್ ಕೊಟ್ಟ ಪಹಣಿ. ಸ್ವಲ್ಪ ಕೆಳಗೆ ‘ಮೆಮೊರಿ’ (Memory:) ಅಂತ ಶುರುವಾಗುವ ಸಾಲಿದೆ, ಎಷ್ಟರಲ್ಲಿ ಎಷ್ಟು ಸಿಕ್ಕಿತು, ಕರ್ನೆಲ್ ಎಷ್ಟು ಹಿಡಿದಿಟ್ಟಿತು ಅಂತ ಕೆಬಿ ಲೆಕ್ಕದಲ್ಲಿ ಅಲ್ಲೇ ಬರೆದಿರುತ್ತದೆ.